ಓದುಗರ ಪ್ರಶ್ನೆ: ಅಕ್ಕನ ಜೀವಕ್ಕೂ ಚೌಕಾಸಿಯೇ?

ಪ್ರಶ್ನೆ: ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ನನ್ನ ಅಕ್ಕ ಮಲ್ಲಿಗೆ ಬೆಳೆದು, ತಾನೇ ಕೊಯ್ದು ಕಟ್ಟಿ ಮಾರುತ್ತಿದ್ದಳು. ತಿಂಗಳಿಗೆ ಸರಾಸರಿ 12,000 ರೂ. ಉಳಿಯುತ್ತಿತ್ತು. ಎರಡು ತಿಂಗಳ ಹಿಂದೆ ಹೆದ್ದಾರಿ ದಾಟುವಾಗ ಲಾರಿ ಬಡಿದು ತೀರಿಕೊಂಡಳು, 38 ವರ್ಷ. ಭಾವ ಹಾಸಿಗೆ ಹಿಡಿದಿದ್ದಾರೆ, ಮೂವರು ಮಕ್ಕಳು ಓದುತ್ತಿದ್ದಾರೆ. ವಿಮೆಯವರು "ಮನೆಯಲ್ಲಿದ್ದ ಹೆಂಗಸು, ತೋಟ ಹೇಗೂ ಉಳಿದಿದೆಯಲ್ಲ" ಎಂದು 8 ಲಕ್ಷಕ್ಕೆ ರಾಜಿಗೆ ಕರೆಯುತ್ತಿದ್ದಾರೆ. ಅಕ್ಕನ ಜೀವದ ಮೇಲೆ ಚೌಕಾಸಿಗೆ ಮನಸ್ಸು ಬರುತ್ತಿಲ್ಲ. ಸಹಿ ಹಾಕಿಬಿಡೋಣವೇ?

ಉತ್ತರ: ದಯವಿಟ್ಟು ಹಾಕಬೇಡಿ. ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ ನಿಮ್ಮ ಅಕ್ಕನಿಗೆ ಬೆಲೆ ಕಟ್ಟುವುದಿಲ್ಲ. ಅವರ ದುಡಿಮೆ ನಿಂತು ನಾಲ್ವರಿಗೆ ಎಷ್ಟು ನಷ್ಟವಾಯಿತು ಎಂದಷ್ಟೇ ಲೆಕ್ಕ ಹಾಕುತ್ತದೆ. ಆ ಹಣ ಮಕ್ಕಳದು. ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಲೆಕ್ಕ ಹೀಗೆ. ವರ್ಷದ ಆದಾಯ 1,44,000 ರೂ. ಸ್ವಂತ ದುಡಿಮೆಯವರು 40ರ ಒಳಗಿದ್ದರೆ ಮುಂದೆ ಹೆಚ್ಚಬಹುದಾದ ಗಳಿಕೆಗೆಂದು ಶೇ. 40 ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ: 2,01,600. ಅವಲಂಬಿತರು ನಾಲ್ವರಾದ್ದರಿಂದ ಸ್ವಂತ ಖರ್ಚಿಗೆ ನಾಲ್ಕರಲ್ಲೊಂದು ಪಾಲು ಕಳೆದರೆ 1,51,200. ಇದನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ, ಅಂದರೆ ಗುಣಕದಿಂದ, ಗುಣಿಸುತ್ತಾರೆ. 36ರಿಂದ 40 ವರ್ಷದವರಿಗೆ ಗುಣಕ 15. ಇದು 2009ರ ತೀರ್ಪಿನ ಪಟ್ಟಿಯದು. ಗುಣಿಸಿದರೆ 22,68,000 ರೂ. ಅಂತ್ಯಕ್ರಿಯೆ, ಸಾಂಗತ್ಯದ ನಷ್ಟ ಇತ್ಯಾದಿ ಬಾಬ್ತು ಇದರ ಮೇಲೆ. 8 ಲಕ್ಷ ಎಲ್ಲಿ, ಇದು ಎಲ್ಲಿ!

ಪೆಟ್ಟು ಬೀಳುವುದು "ತೋಟ ಉಳಿದಿದೆ" ಎಂಬ ಮಾತಿನಲ್ಲಿ. ಗಿಡ ಉಳಿದರೂ ಕೈ ಉಳಿದಿಲ್ಲ ಎಂಬುದನ್ನು ದಾಖಲೆಯಿಂದಲೇ ತೋರಿಸಬೇಕು. ಹೂ ಕೊಳ್ಳುವ ಏಜೆಂಟರ ಪುಸ್ತಕದಲ್ಲಿ ದಿನಾಂಕ, ಎಷ್ಟು ಅಟ್ಟೆ (ಕಟ್ಟಿದ ಮಲ್ಲಿಗೆಯ ಅಳತೆ), ಆ ದಿನದ ದರ ಬರೆದಿರುತ್ತದೆ. ಕನಿಷ್ಠ ಒಂದು ವರ್ಷದ ಪುಟಗಳ ಪ್ರತಿ ಪಡೆಯಿರಿ. ಮಲ್ಲಿಗೆಯ ದರ ದಿನವೂ ಏರಿಳಿಯುವುದರಿಂದ ಒಂದೆರಡು ತಿಂಗಳ ಚೀಟಿ ಸಾಲದು. ಏಜೆಂಟರನ್ನೇ ಸಾಕ್ಷಿಗೆ ಕರೆಸಿ. ಈಗ ಕೊಯ್ಯಲು, ಕಟ್ಟಲು ಕೂಲಿ ಕೊಡುತ್ತಿದ್ದರೆ ಅದನ್ನೂ ಬರೆದಿಡಿ. ಮನೆಗೆಲಸವೂ ದುಡಿಮೆಯೇ, ಅದಕ್ಕೂ ಆದಾಯ ಕಟ್ಟಬೇಕೆಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. "ಮನೆಯಲ್ಲಿದ್ದ ಹೆಂಗಸು" ಎಂಬ ವಾದಕ್ಕೆ ಅಲ್ಲಿಗೆ ತೆರೆ ಬಿತ್ತು.

ರಸ್ತೆ ದಾಟುತ್ತಿದ್ದವರದೂ ತಪ್ಪು ಎಂದು ವಿಮೆಯವರು ಪರಿಹಾರದಲ್ಲಿ ಶೇಕಡಾವಾರು ಕಡಿತ ಕೇಳುತ್ತಾರೆ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ ಈಗಲೇ ತರಿಸಿ, ಲಾರಿ ಬಡಿದ ಜಾಗ ಸರಿಯಾಗಿ ಗುರುತಾಗಿದೆಯೇ ನೋಡಿ. ಅರ್ಜಿಗೆ ಕಾನೂನು ಹೇಳುವ ಗಡುವು ಅಪಘಾತದಿಂದ ಆರು ತಿಂಗಳು. ಅಪಘಾತ ಎಲ್ಲೇ ಆಗಿರಲಿ, ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿ ಹಾಕಬಹುದು.

ಪ್ರಶ್ನೆ: 2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಮಂದಿ ಒಟ್ಟಿಗೇ ಸತ್ತರು. ಪರಿಹಾರ ಮಾತ್ರ ಬೇರೆಬೇರೆ. ಅರ್ಥಶಾಸ್ತ್ರಕ್ಕೆ ಬಡವನ ಜೀವ ಅಗ್ಗವೇ? – ವಿದ್ಯಾರ್ಥಿ, ಮಂಗಳೂರು

ಉತ್ತರ: ಸಂಬಳ ಬೇರೆ, ಹಾಗಾಗಿ ಪರಿಹಾರ ಬೇರೆ. ಅದೇ ದುರಂತದ ಒಂದು ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟ್ 7.64 ಕೋಟಿ ರೂ. ಕೊಡಿಸಿತು. ಸತ್ತ ಮೇಲಿನ ಈ ಅಳತೆಯನ್ನು ಸಾವು ತಪ್ಪಿಸಲು ಎಷ್ಟು ಖರ್ಚು ಮಾಡಬೇಕು ಎಂಬ ಲೆಕ್ಕಕ್ಕೆ ತರುವುದು ಅನ್ಯಾಯ. ಅಲ್ಲಿ ಬೇಕಾದ ದಾರಿಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1968ರಲ್ಲಿ ತೋರಿಸಿದರು: ಜೀವಕ್ಕೆ ಎಷ್ಟು ಎಂದು ಕೇಳದೆ, ಸಣ್ಣದೊಂದು ಅಪಾಯ ತಗ್ಗಿಸಲು ಎಷ್ಟು ಕೊಡುತ್ತೀರಿ ಎಂದು ಕೇಳಿ. ಒಂದು ಜಂಕ್ಷನ್ನಿನಲ್ಲಿ 10,000 ಜನ ರಸ್ತೆ ದಾಟುತ್ತಾರೆ, ವರ್ಷಕ್ಕೆ ಒಬ್ಬರು ಸಾಯುತ್ತಾರೆ ಎನ್ನಿ. ಆ ಸಾವು ತಪ್ಪಿಸುವ ಕಾಲುಸೇತುವೆಗೆ ವರ್ಷಕ್ಕೆ ತಲಾ 500 ರೂ. ಕೊಡಲು ಒಪ್ಪಿದರೆ ಒಂದು ಸಾವು ತಪ್ಪಿಸುವುದರ ಮೌಲ್ಯ 50 ಲಕ್ಷ.

ಇಲ್ಲೂ ದೋಷವಿದೆ. ಕೂಲಿಯವರು 50 ರೂ. ಮಾತ್ರ ಕೊಟ್ಟಾರು, ಆಗ ನಾವು ಅಳೆದದ್ದು ಅವರ ಜೇಬು. ಆದ್ದರಿಂದಲೇ ಅಮೆರಿಕದ ಸಾರಿಗೆ ಇಲಾಖೆ ಬಡವ, ಶ್ರೀಮಂತ ಎನ್ನದೆ ಎಲ್ಲರಿಗೂ ಒಂದೇ ಅಂಕಿ ಬಳಸುತ್ತದೆ. ನಮಗೂ ಅದೇ ಸರಿ. ನಿಮ್ಮೂರಿನ ಕಾಲುಸೇತುವೆ ದುಬಾರಿ ಎಂದು ಕೈಬಿಟ್ಟಿದ್ದರೆ, ಸಾವು ತಪ್ಪುವ ಲಾಭಕ್ಕೆ ಎಷ್ಟು ಹಿಡಿದಿದ್ದರು ಎಂಬ ಪುಟವನ್ನು ಮಾಹಿತಿ ಹಕ್ಕಿನಡಿ ಕೇಳಿ.