ಧಾರವಾಡದ ಬಾಡಿಗೆ ಮನೆಯಲ್ಲಿ ಮಳೆಗಾಲಕ್ಕೆ ತಿಜೋರಿ ಹಿಂದಿನ ಗೋಡೆಗೆ ಬೂಷ್ಟು ಬರುತ್ತದೆ, ಏನು ಮಾಡಬೇಕು?

ಬಣ್ಣ ಹಚ್ಚುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಗೋಡೆ ಒರೆಸಿ, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ.

ಹನಿ ಹಾಳೆಯ ಹೊರಮೈಗೆ ಕೂತರೆ ಅದು ಕೋಣೆಯ ಗಾಳಿಯದೇ ತೇವ. ತಿಜೋರಿಯನ್ನು ಗೋಡೆಯಿಂದ ನಾಲ್ಕು ಇಂಚು ಸರಿಸಿ. ಮನೆಯೊಳಗೆ ಬಟ್ಟೆ ಒಣಹಾಕಬೇಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದು ಆಗದ ಮಾತು ಎನ್ನುವುದಾದರೆ ಒಂದೇ ಕೋಣೆಯಲ್ಲಿ ಹಾಕಿ, ಬಾಗಿಲು ಮುಚ್ಚಿ, ಕಿಟಕಿ ತೆರೆದಿಡಿ.

ಒಳಮೈ ಒದ್ದೆಯಾದರೆ ಗೋಡೆಯೇ ನೀರು ಕುಡಿದಿದೆ. ಪಕ್ಕದ ಬಚ್ಚಲಿನ ಪೈಪು, ಟೆರೇಸಿನ ಬಿರುಕು ನೋಡಿಸುವುದು ಮಾಲೀಕರ ಕೆಲಸ, ಫೋಟೋ ಕಳಿಸಿ. ಸೋರಿಕೆ ನಿಲ್ಲಿಸದೆ ಪುಟ್ಟಿ ಹೊಡೆದರೆ ಮುಂದಿನ ಮಳೆಗೆ ಹಪ್ಪಳದಂತೆ ಏಳುತ್ತದೆ.

ಬೂಷ್ಟನ್ನು ಒಣಗಿದ್ದಾಗ ಕೆರೆಯಬೇಡಿ, ಕಣ ಹಾರಿ ಎದೆಗೆ ಹೋಗುತ್ತವೆ. ಮಾಸ್ಕ್ ಹಾಕಿ, ಸೋಪಿನ ನೀರಲ್ಲದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಮಾತ್ರ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.