ಫೋಟೋದಲ್ಲಿ ಬಿಳಿ ಕಂಡದ್ದೆಲ್ಲ ಬಿಳಿ ಸೀರೆಯಲ್ಲ

ಅಜ್ಜಿಯವರ ಕಾಲದ ಮಹಿಳಾ ಸಮಾಜದ ಗುಂಪು ಫೋಟೋದ ಪ್ರತಿ ಕಳಿಸಿ ಎರಡು ಪ್ರಶ್ನೆ ಕೇಳಿದ್ದೀರಿ. ಹೆಚ್ಚಿನವರು ಬಿಳಿ ಸೀರೆ ಉಟ್ಟಿದ್ದಾರೆ, ಇದು ವಿಧವೆಯರ ಸಂಘವೇ? ಇಬ್ಬರ ಸೆರಗು ಬಲಭುಜದ ಮೇಲಿದೆ, ಫೋಟೋ ಎಡಬಲ ಅದಲುಬದಲಾಗಿ ಅಚ್ಚಾಗಿದೆಯೇ?

ಬಿಳಿ ಸೀರೆ ನೋಡಿ ಹಾಗೆ ತೀರ್ಮಾನಿಸಲಾಗದು. ಆಗ ಕ್ಯಾಮೆರಾದಲ್ಲಿ ಫಿಲ್ಮಿನ ಬದಲು ಇಡುತ್ತಿದ್ದ ಗಾಜಿನ ಪ್ಲೇಟು ನೀಲಿ ಬಣ್ಣವನ್ನು ಚುರುಕಾಗಿ ಹಿಡಿಯುತ್ತಿತ್ತು, ಕೆಂಪನ್ನು ಹಿಡಿಯುತ್ತಲೇ ಇರಲಿಲ್ಲ. ಹಾಗಾಗಿ ತಿಳಿನೀಲಿ ಸೀರೆ ಅಚ್ಚಿನಲ್ಲಿ ಬಿಳಿ, ಕೆಂಪು ಸೀರೆ ಕಪ್ಪು. ಎಲ್ಲ ಬಣ್ಣ ಹಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು 1906ರಲ್ಲೇ ಮಾರಾಟಕ್ಕೆ ಬಂದಿತ್ತು. ಆದರೆ ಅದನ್ನು ತೊಳೆಯಲು ಪೂರ್ತಿ ಕತ್ತಲೆ ಬೇಕು. ಹಳೆಯದನ್ನು ಕೆಂಪು ದೀಪದಲ್ಲಿ ನೋಡುತ್ತಲೇ ತೊಳೆಯಬಹುದಿತ್ತು. ಹೀಗಾಗಿ ಸ್ಟುಡಿಯೋಗಳು ಹಳೆಯದನ್ನು ಬೇಗ ಬಿಡಲಿಲ್ಲ. ಇನ್ನೊಂದು ಮಾತು: ನಮ್ಮ ಕಡೆ ಅನೇಕ ಬ್ರಾಹ್ಮಣ ಮನೆಗಳಲ್ಲಿ ವಿಧವೆಯರಿಗಿದ್ದದ್ದು ಕೆಂಪು ಸೀರೆ. ಈ ಪ್ಲೇಟಿನಲ್ಲಿ ಅದು ಬಿಳಿಯಾಗಿ ಬರುವುದೇ ಇಲ್ಲ.

ಸೀರೆ ಬಿಟ್ಟು ಹಣೆ ನೋಡಿ. ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವರ ಸೀರೆ ಬಿಳಿ, ಹಣೆಯಲ್ಲಿ ಕಪ್ಪು ಬೊಟ್ಟು, ಕೈತುಂಬ ಬಳೆ. ಆ ಕಪ್ಪು ಕುಂಕುಮದ ಕೆಂಪೇ ಇರಬೇಕು. ಬೊಟ್ಟು ಕಾಣದವರ ಬಗ್ಗೆ ಮಾತ್ರ ಅವಸರ ಬೇಡ: ಸುಕ್ಕು ಮರೆಸಲು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದರು, ಅದರಲ್ಲಿ ಕುಂಕುಮವೂ ಮಾಸಿರಬಹುದು, ಕುಂಕುಮ ಇಡದ ಮತದವರೂ ಇರಬಹುದು.

ಫೋಟೋ ತಿರುಗಿದ್ದರೆ ಎಲ್ಲರ ಸೆರಗೂ ತಿರುಗಬೇಕಿತ್ತು. ಇಲ್ಲಿ ಇಬ್ಬರದು ಮಾತ್ರ. ಕೊಡವ ಉಡುಗೆಯಲ್ಲಿ ನೆರಿಗೆ ಹಿಂದಕ್ಕೆ ಹೋಗುತ್ತದೆ, ಸೆರಗು ಎಡತೋಳಿನ ಕೆಳಗಿನಿಂದ ಬಂದು ಬಲಭುಜದ ಮೇಲೆ ನಿಲ್ಲುತ್ತದೆ. ಇವರ ಸೊಂಟದ ಮುಂಭಾಗದಲ್ಲಿ ನೆರಿಗೆಯೇ ಇಲ್ಲ. ಕೊಡಗಿನವರೆಂದೇ ನನ್ನ ಅಂದಾಜು.

ಮೂಲಪ್ರತಿಯ ಒಂದು ಮೂಲೆ ಚೌಕಟ್ಟಿನ ಗಾಜಿಗೆ ಅಂಟಿದೆ ಎಂದಿದ್ದೀರಿ. ದಯವಿಟ್ಟು ಕೀಳಬೇಡಿ. ಫೋಟೋದ ಚಿತ್ರವಿರುವ ಮೇಲ್ಪದರವಾದ ಜೆಲಟಿನ್ ತೇವಕ್ಕೆ ಮೆತ್ತಗಾಗಿ ಗಾಜು ಹಿಡಿದಿರುತ್ತದೆ, ಎಳೆದರೆ ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ, ಪಕ್ಕದಿಂದ ಬೆಳಕು ಬೀಳುವಂತಿಟ್ಟು ಅದರ ಫೋಟೋ ತೆಗೆಸಿ. ಹಿಂಬದಿಯ ರಟ್ಟಿನಲ್ಲಿ ಸ್ಟುಡಿಯೋ ಮೊಹರಿದೆಯೇ ನೋಡಿ. ಇಸವಿ ಹುಡುಕಲು ರವಿಕೆಯ ತೋಳಿಗಿಂತ ಅದು ನಂಬಿಕಸ್ಥ. ಹೆಸರುಗಳನ್ನು ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಒತ್ತು ಮುಂದಕ್ಕೆ ಮೂಡುತ್ತದೆ. ಬದಲಿಗೆ ಫೋಟೋದ ಜೆರಾಕ್ಸ್ ಮೇಲೆ ಬಟರ್ ಪೇಪರ್ ಇಟ್ಟು ತಲೆಗಳ ಆಕಾರ ಬಿಡಿಸಿ, ಅಂಕಿ ಹಾಕಿ, ಹಿರಿಯರನ್ನು ಒಬ್ಬೊಬ್ಬರಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಮೊದಲು ಮಾತಾಡಿದವರ ಹೆಸರಿಗೇ ಉಳಿದವರು ಹೂಂಗುಟ್ಟುತ್ತಾರೆ.