ಅರಬರೇ ಜಮೀನು ಮಾರಿದ್ದರೆ ಈಗ ಜಗಳವೇಕೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಇಸ್ರೇಲಿಗಳಿಗೂ ಪ್ಯಾಲೆಸ್ಟೀನಿಯರಿಗೂ ಇರುವ ಜಗಳ ಎರಡು ಸಾವಿರ ವರ್ಷಗಳಿಂದ ನಡೆದುಬಂದ ಧರ್ಮಯುದ್ಧವೇ? ಹಾಗಲ್ಲದಿದ್ದರೆ, ಅರಬರು ತಾವೇ ದುಡ್ಡು ಎಣಿಸಿಕೊಂಡು ಯಹೂದಿಗಳಿಗೆ ಜಮೀನು ಮಾರಿದ ಮೇಲೆ ತಕರಾರು ಯಾಕೆ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಧರ್ಮ ಈ ಜಗಳದೊಳಗೆ ಇದೆ, ಆದರೆ ಬೇರು ಅಲ್ಲಿಲ್ಲ. ಜೆರುಸಲೇಂ, ಹೆಬ್ರೋನ್, ಸಫೇದ್, ತಿಬೇರಿಯಸ್‌ಗಳಲ್ಲಿ ಶತಮಾನಗಳಿಂದ ಯಹೂದಿಗಳು ಮುಸ್ಲಿಮರ, ಕ್ರೈಸ್ತರ ನೆರೆಯಲ್ಲೇ ಬಾಳಿದ್ದರು. ಸಮಾನರಾಗಿ ಬಾಳಿದರು ಎಂದು ಹೇಳಲಾರೆ. ಆದರೂ ಒಂದು ದೇಶಕ್ಕಾಗಿ ಎರಡು ಜನಾಂಗ ಬಡಿದಾಡುವ ಸ್ಥಿತಿ ಇರಲಿಲ್ಲ. ಅದು ಶುರುವಾದದ್ದು 1880ರ ದಶಕದ ನಂತರ, ಗಟ್ಟಿಯಾದದ್ದು 1917ರಿಂದ 1948ರೊಳಗೆ.

ಎರಡನೆಯ ಪ್ರಶ್ನೆ ನನ್ನ ಕ್ಷೇತ್ರದ್ದು. ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಯಾವ ದೇಶದ ಜಗಳವಾದರೂ ಮೊದಲು ಪಹಣಿ ಹುಡುಕುವ ಚಟ ಹೋಗಿಲ್ಲ. ಮಾರಿದ್ದು ನಿಜವೇ ಎಂದರೆ ನಿಜ. ಯಾರು ಮಾರಿದರು, ಎಷ್ಟು ಮಾರಿದರು ಎಂಬುದನ್ನು ಕೇಳದೆ ಅಲ್ಲಿಗೇ ನಿಂತರೆ ಮಾತ್ರ ಉತ್ತರ ತಪ್ಪಾಗುತ್ತದೆ.

1858ರಲ್ಲಿ, ಆಗ ಪ್ಯಾಲೆಸ್ಟೀನನ್ನು ಆಳುತ್ತಿದ್ದ ತುರ್ಕಿಯ ಒಟ್ಟೋಮನ್ ಸರ್ಕಾರ ಹೊಸ ಭೂ ಕಾಯ್ದೆ ತಂದು, ಯಾವ ಜಮೀನು ಯಾರ ಸ್ವಾಧೀನದಲ್ಲಿದೆ ಎಂದು ದಾಖಲಿಸಲು ಹೊರಟಿತು. ಅಲ್ಲಿಯವರೆಗೆ ಪ್ಯಾಲೆಸ್ಟೀನಿನ ಬಹಳಷ್ಟು ಹಳ್ಳಿಗಳಲ್ಲಿ ಹೊಲವನ್ನು ಇಡೀ ಊರು ಒಟ್ಟಾಗಿ ಅನುಭವಿಸುತ್ತಿತ್ತು. ಕೆಲವು ವರ್ಷಗಳಿಗೊಮ್ಮೆ ಪಾಲು ಹಾಕಿ ಹಂಚಿಕೊಳ್ಳುತ್ತಿದ್ದರು. ಇದಕ್ಕೆ ಮುಶಾ ಎಂದು ಹೆಸರು. ದಾಖಲೆಗೆ ಹೆಸರು ಕೊಟ್ಟರೆ ತೆರಿಗೆ ಬೀಳುತ್ತದೆ, ಮಗನನ್ನು ಸುಲ್ತಾನನ ಸೈನ್ಯಕ್ಕೆ ಎಳೆದೊಯ್ಯುತ್ತಾರೆ ಎಂಬ ಭಯಕ್ಕೆ ರೈತರು ಕಚೇರಿಯ ಕಡೆ ತಲೆಹಾಕಲಿಲ್ಲ. ಕೆಲವರು ಊರ ಮುಖ್ಯಸ್ಥನ ಹೆಸರಿಗೆ, ಪಟ್ಟಣದ ಸಾಹುಕಾರನ ಹೆಸರಿಗೆ ಬರೆಸಿಬಿಟ್ಟರು. ಇನ್ನು ಕೆಲವು ಹಳ್ಳಿಗಳನ್ನು ಸರ್ಕಾರವೇ ಮಾರಿತು. ಬೈರೂತಿನ ಸುರ್ಸೋಕ್ ಎಂಬ ಕ್ರೈಸ್ತ ವ್ಯಾಪಾರಿ ಮನೆತನ 1870ರ ಸುಮಾರಿಗೆ ಹೀಗೆ ಕೊಂಡದ್ದು ಉತ್ತರದ ಮರ್ಜ್ ಇಬ್ನ್ ಆಮಿರ್ ಬಯಲಿನ ಊರೂರುಗಳನ್ನು. ಯಹೂದಿಗಳು ಜೆಜ್ರೀಲ್ ಕಣಿವೆ ಎನ್ನುವುದು ಇದನ್ನೇ. ಹೊಲದಲ್ಲಿ ಉಳುವವನು ಮೊದಲಿನಂತೆ ಉಳುತ್ತಿದ್ದ. ಕಾಗದದಲ್ಲಿ ಮಾತ್ರ ಅವನು ಗೇಣಿದಾರನಾಗಿದ್ದ, ಒಡೆಯನ ಮುಖವನ್ನೂ ನೋಡಿರಲಿಲ್ಲ.

ಈ ಬಯಲಿನ ಅಲ್-ಫೂಲಾ ಎಂಬ ಹಳ್ಳಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1910ರಲ್ಲಿ ಇಲ್ಯಾಸ್ ಸುರ್ಸೋಕ್ ಅಲ್ಲಿನ ಸುಮಾರು ಹತ್ತು ಸಾವಿರ ದೂನಮ್ ಜಮೀನನ್ನು ಯಹೂದಿ ಸಂಸ್ಥೆಗೆ ಮಾರಲು ಒಪ್ಪಿದ. ನಾಲ್ಕು ದೂನಮ್ ಎಂದರೆ ಹೆಚ್ಚುಕಡಿಮೆ ಒಂದು ಎಕರೆ. ನಜರೇತಿನ ಆಡಳಿತಾಧಿಕಾರಿಯಾಗಿದ್ದ ಶುಕ್ರಿ ಅಲ್-ಅಸಾಲಿ, ನಮ್ಮ ಲೆಕ್ಕದಲ್ಲಿ ತಹಶೀಲ್ದಾರ ಎನ್ನಿ, ಖಾತೆ ಬದಲಾಯಿಸಲು ಒಪ್ಪಲಿಲ್ಲ. ಆ ಊರಿನಲ್ಲಿ ಕ್ರುಸೇಡ್ ಕಾಲದ, ಅಂದರೆ ಮಧ್ಯಯುಗದ ಕ್ರೈಸ್ತ-ಮುಸ್ಲಿಂ ಧರ್ಮಯುದ್ಧಗಳ ಕಾಲದ, ಕೋಟೆಯ ಅವಶೇಷವಿತ್ತು. ಅದನ್ನು ಸಲಾಹುದ್ದೀನ್ ಗೆದ್ದಿದ್ದ. ಅಲ್-ಅಸಾಲಿ ಅದೇ ಹೆಸರನ್ನು ಕಾವ್ಯನಾಮ ಮಾಡಿಕೊಂಡು ಪತ್ರಿಕೆಗಳಲ್ಲಿ ಲೇಖನ ಬರೆದ. ಬೈರೂತಿನಲ್ಲಿದ್ದ ಮೇಲಧಿಕಾರಿ ಅವನ ತಕರಾರನ್ನು ಬದಿಗೆ ಸರಿಸಿದ. ನೋಂದಣಿ ಆಯಿತು, ರೈತರನ್ನು ಎಬ್ಬಿಸಿದರು, 1911ರಲ್ಲಿ ಅಲ್ಲಿ ಮೆರ್ಹಾವಿಯಾ ಎಂಬ ಯಹೂದಿ ವಸಾಹತು ಎದ್ದಿತು. ಅಲ್-ಅಸಾಲಿ ಅದೇ ವರ್ಷ ಒಟ್ಟೋಮನ್ ಸಂಸತ್ತಿಗೆ ಆಯ್ಕೆಯಾಗಿ ಈ ವಿಷಯವನ್ನು ಅಲ್ಲಿಗೂ ಕೊಂಡೊಯ್ದ. ಬ್ರಿಟಿಷರು ಕಾಲಿಡುವ ಆರೇಳು ವರ್ಷ ಮುಂಚಿನ ಮಾತು ಇದು.

ಕಾನೂನಿನ ಪ್ರಕಾರ ಈ ವ್ಯವಹಾರದಲ್ಲಿ ಒಂದು ಕೊಂಕೂ ಇಲ್ಲ. ಮಾರಿದವನಿಗೆ ಹಕ್ಕಿತ್ತು, ಕೊಂಡವನು ಬೆಲೆ ಕೊಟ್ಟ. ಆದರೆ ಹಣ ಸೇರಿದ್ದು ಬೈರೂತಿಗೆ, ಮನೆ ಬಿಟ್ಟದ್ದು ಅಲ್-ಫೂಲಾದವರು. ನಮ್ಮಲ್ಲಿ ಭೂ ಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಉಳುಮೆ ನನ್ನದು ಎಂದು ಹೇಳಬಹುದಿತ್ತು. ಅಲ್ಲಿ ಅಂಥ ನಮೂನೆ ಇರಲಿಲ್ಲ. ಇನ್ನೂ ಒಂದು ವ್ಯತ್ಯಾಸವಿತ್ತು. ಜಮೀನು ಒಬ್ಬ ಸಾಹುಕಾರನಿಂದ ಇನ್ನೊಬ್ಬ ಸಾಹುಕಾರನ ಕೈಗೆ ಹೋದರೆ ಗೇಣಿದಾರ ಅಲ್ಲೇ ಉಳಿಯುತ್ತಾನೆ, ಒಡೆಯ ಮಾತ್ರ ಬದಲಾಗುತ್ತಾನೆ. ಆದರೆ 1901ರಲ್ಲಿ ಸ್ಥಾಪನೆಯಾದ ಯಹೂದಿ ರಾಷ್ಟ್ರೀಯ ನಿಧಿ ಕೊಂಡ ಜಮೀನನ್ನು ಮತ್ತೆ ಮಾರುವಂತಿರಲಿಲ್ಲ. ಅದು ಯಹೂದಿ ಜನರ ಶಾಶ್ವತ ಸ್ವತ್ತು, ಗುತ್ತಿಗೆಯೂ ಯಹೂದಿಗಳಿಗೇ. ದುಡಿಮೆಯನ್ನೂ ಯಹೂದಿಗಳೇ ಮಾಡಬೇಕೆಂಬ ಚಳವಳಿ ಜೊತೆಗೆ ಬೆಳೆಯಿತು. ಹಾಗಾಗಿ ಒಡೆಯನ ಜೊತೆ ಉಳುವವನೂ ಕೂಲಿಯವನೂ ಬದಲಾದರು.

ಕೊಳ್ಳಲು ಬಂದವರು ಯಾರು, ಯಾಕೆ ಬಂದರು ಎಂಬುದನ್ನು ಬಿಟ್ಟು ಈ ಕಥೆ ಹೇಳುವವರನ್ನು ಕಂಡರೆ ನನಗಾಗುವುದಿಲ್ಲ. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಕೊಲೆಯಾದ ಮೇಲೆ ಅಲ್ಲಿನ ಯಹೂದಿಗಳ ಮೇಲೆ ದಾಳಿಗಳ ಸರಣಿಯೇ ನಡೆಯಿತು. 1903ರಲ್ಲಿ ಕಿಶಿನೇವ್ ನಗರದಲ್ಲಿ ಮತ್ತೆ ಹತ್ಯಾಕಾಂಡ. ಓಡಿದವರಲ್ಲಿ ಬಹುಪಾಲು ಜನ ಅಮೆರಿಕಕ್ಕೆ ಹೋದರು, ಒಂದು ಸಣ್ಣ ಗುಂಪು ಪ್ಯಾಲೆಸ್ಟೀನಿಗೆ ಬಂತು. ಯುರೋಪಿನಲ್ಲಿ ಎಷ್ಟೇ ಬೆರೆತರೂ ಯಹೂದಿಗೆ ನೆಲೆಯಿಲ್ಲ, ತನ್ನದೇ ರಾಜ್ಯ ಬೇಕು ಎಂದು ಥಿಯೋಡೋರ್ ಹರ್ಟ್ಸಲ್ 1896ರಲ್ಲಿ ಬರೆದು, ಮರುವರ್ಷ ಬಾಸೆಲ್‌ನಲ್ಲಿ ಮೊದಲ ಜಿಯೋನಿಸ್ಟ್ ಸಮಾವೇಶ, ಅಂದರೆ ಯಹೂದಿಗಳಿಗೆ ಸ್ವಂತ ನೆಲೆ ಬಯಸುವವರ ಸಮಾವೇಶ, ನಡೆಸಿದ. ಪ್ರಾರ್ಥನೆಯಲ್ಲಿ ಜೆರುಸಲೇಮನ್ನು ನೆನೆಯುತ್ತಾ ಬಂದ ಸಮುದಾಯಕ್ಕೆ ಆ ನಾಡು ಪರದೇಶ ಎನಿಸಿರಲಿಲ್ಲ. ಆದರೆ ಅಲ್ಲಿ ಜನ ತುಂಬಿದ್ದರು. ಜೆರುಸಲೇಮಿನ ಮೇಯರ್ ಆಗಿದ್ದ ಯೂಸುಫ್ ದಿಯಾ ಅಲ್-ಖಾಲಿದಿ 1899ರ ಮಾರ್ಚ್‌ನಲ್ಲಿ ಫ್ರಾನ್ಸಿನ ಮುಖ್ಯ ರಬ್ಬಿಗೆ, ಅಂದರೆ ಯಹೂದಿ ಧರ್ಮಗುರುವಿಗೆ, ಪತ್ರ ಬರೆದು, ಯಹೂದಿಗಳಿಗೆ ಆ ನೆಲದ ಮೇಲೆ ಐತಿಹಾಸಿಕ ಹಕ್ಕಿರುವುದನ್ನು ಯಾರು ಅಲ್ಲಗಳೆಯಬಲ್ಲರು ಎಂದು ಒಪ್ಪಿಕೊಂಡೇ, ಅಲ್ಲಿ ಬೇರೆಯವರು ವಾಸವಾಗಿದ್ದಾರೆ, ದೇವರಾಣೆ ಪ್ಯಾಲೆಸ್ಟೀನನ್ನು ಅದರ ಪಾಡಿಗೆ ಬಿಡಿ ಎಂದು ಬೇಡಿಕೊಂಡ. ಪತ್ರ ಹರ್ಟ್ಸಲ್‌ನ ಕೈ ಸೇರಿತು. ಯಹೂದಿಗಳು ಬಂದರೆ ಎಲ್ಲರ ಆಸ್ತಿಯ ಬೆಲೆ ಏರುತ್ತದೆ, ಯಾರನ್ನೂ ಕಳಿಸುವ ಯೋಚನೆಯಿಲ್ಲ ಎಂದು ಅವನು ಉತ್ತರಿಸಿದ. ಎರಡು ಪತ್ರಗಳನ್ನೂ ಒಟ್ಟಿಗೆ ಓದಿದರೆ ಮುಂದಿನ ಐವತ್ತು ವರ್ಷ ಕಾಣುತ್ತದೆ.

ಇಷ್ಟೇ ಆಗಿದ್ದರೆ ಭೂವ್ಯಾಜ್ಯವಾಗಿ ಉಳಿಯುತ್ತಿತ್ತೋ ಏನೋ. ಅದನ್ನು ದೇಶದ ವ್ಯಾಜ್ಯ ಮಾಡಿದ್ದು ಬ್ರಿಟಿಷರು. ಮೊದಲ ಮಹಾಯುದ್ಧದಲ್ಲಿ ತುರ್ಕಿಯ ವಿರುದ್ಧ ದಂಗೆ ಏಳಿಸಲು ಮೆಕ್ಕಾದ ಶರೀಫ್ ಹುಸೇನನಿಗೆ ಅರಬ್ ಸ್ವಾತಂತ್ರ್ಯದ ಮಾತು ಕೊಟ್ಟರು, 1916ರಲ್ಲಿ ಫ್ರಾನ್ಸಿನ ಜೊತೆ ಗುಟ್ಟಾಗಿ ಅದೇ ಪ್ರದೇಶವನ್ನು ಹಂಚಿಕೊಂಡರು, 1917ರ ನವೆಂಬರ್ 2ರಂದು ಬಾಲ್ಫೋರ್ ಘೋಷಣೆಯಲ್ಲಿ ಯಹೂದಿಗಳಿಗೆ ಅಲ್ಲೇ ರಾಷ್ಟ್ರೀಯ ನೆಲೆ ಕೊಡಿಸುವ ಭರವಸೆ ನೀಡಿದರು. ಆಗ ಅಲ್ಲಿದ್ದ ಜನರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅರಬರು. ಘೋಷಣೆ ಅವರನ್ನು ಹೆಸರಿಸದೆ ಯಹೂದಿಗಳಲ್ಲದ ಸಮುದಾಯಗಳು ಎಂದಷ್ಟೇ ಕರೆಯಿತು. ಅವರ ನಾಗರಿಕ, ಧಾರ್ಮಿಕ ಹಕ್ಕುಗಳಿಗೆ ಧಕ್ಕೆಯಿಲ್ಲ ಎಂದಿತೇ ಹೊರತು ರಾಜಕೀಯ ಹಕ್ಕಿನ ಸುದ್ದಿಯೇ ಇಲ್ಲ. ಬ್ರಿಟಿಷ್ ಸಂಪುಟದಲ್ಲಿ ಇದನ್ನು ಕಟುವಾಗಿ ವಿರೋಧಿಸಿದವನು ಅಲ್ಲಿದ್ದ ಒಬ್ಬನೇ ಯಹೂದಿ ಸಚಿವ, ನಮ್ಮ ಪಠ್ಯಪುಸ್ತಕಗಳಲ್ಲಿ ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆಗೆ ಹೆಸರಾದ ಎಡ್ವಿನ್ ಮಾಂಟೆಗು. ಇನ್ನು ಮರುವರ್ಷ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರಿಂದ ಬ್ರಿಟಿಷರಿಗೆ ಗೆದ್ದುಕೊಟ್ಟವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಯಾರಿಗಾಗಿ ಗೆಲ್ಲುತ್ತಿದ್ದೇವೆ ಎಂದು ಅವರಿಗೆ ಯಾರೂ ವಿವರಿಸಿರಲಾರರು.

ಬ್ರಿಟಿಷ್ ಆಳ್ವಿಕೆಯಲ್ಲಿ ಜಮೀನು ಕೊಳ್ಳುವುದು ಜೋರಾಯಿತು. ಸುರ್ಸೋಕ್ ಮನೆತನ 1921ರಿಂದ 1925ರ ನಡುವೆ ಬಯಲಿನ ಉಳಿದ ಹಳ್ಳಿಗಳನ್ನೂ ಹೆಚ್ಚೂಕಡಿಮೆ ಪೂರ್ತಿ ಮಾರಿತು. 1930ರ ದಶಕಕ್ಕೆ ಸ್ಥಳೀಯರೂ ಮಾರತೊಡಗಿದ್ದರು: ಸಾಲದಲ್ಲಿ ಮುಳುಗಿದ ರೈತರು ಮಾತ್ರವಲ್ಲ, ವೇದಿಕೆಯ ಮೇಲೆ ಮಾರಾಟವನ್ನು ಖಂಡಿಸುತ್ತಿದ್ದ ಮುಖಂಡರ ಮನೆಗಳವರೂ ಒಳಗೊಳಗೆ. ಇದನ್ನು ಪ್ಯಾಲೆಸ್ಟೀನಿನ ಪರ ಮಾತನಾಡುವವರು ಹೇಳಲು ಹಿಂಜರಿಯುತ್ತಾರೆ. ನೆಲ ಕಳೆದುಕೊಂಡ ಅರಬರನ್ನು ಲೆಕ್ಕ ಹಾಕಲು ಸರ್ಕಾರ 1931ರಲ್ಲಿ ಒಂದು ವಿಚಾರಣೆ ಮಾಡಿತು. 3,271 ಅರ್ಜಿ ಬಂದವು, ಒಪ್ಪಿದ್ದು 664. ಬೇರೆಡೆ ತುಂಡು ನೆಲವಿದ್ದವನು, ಬೇರೆ ಕೆಲಸ ಹಿಡಿದವನು, ಗೇಣಿದಾರನಲ್ಲದೆ ಬರೀ ಕೂಲಿಯಾಗಿದ್ದವನು ಯಾರೂ ಅದರ ವ್ಯಾಖ್ಯೆಯೊಳಗೆ ಬರುವಂತಿರಲಿಲ್ಲ. ನಮೂನೆಯ ಷರತ್ತುಗಳನ್ನು ಬಿಗಿ ಮಾಡಿ ಸಮಸ್ಯೆಯನ್ನೇ ಚಿಕ್ಕದು ಮಾಡುವ ಈ ಕಸುಬು ನನಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ರಕ್ತ ಹರಿದಿತ್ತು. 1929ರಲ್ಲಿ ಹೆಬ್ರೋನಿನಲ್ಲಿ 67 ಯಹೂದಿಗಳನ್ನು ಕೊಂದರು. ಅವರಲ್ಲಿ ಹೆಚ್ಚಿನವರಿಗೆ ಜಿಯೋನಿಸ್ಟ್ ರಾಜಕೀಯದ ಗೊಡವೆಯೇ ಇರಲಿಲ್ಲ. 1933ರಲ್ಲಿ ಹಿಟ್ಲರ್ ಬಂದ ಮೇಲೆ ವಲಸೆ ಒಮ್ಮೆಲೇ ಏರಿತು. ಅಮೆರಿಕ 1924ರಲ್ಲೇ ಬಾಗಿಲು ಕಿರಿದು ಮಾಡಿತ್ತು. ಯಹೂದಿ ನಿರಾಶ್ರಿತರಿಗಾಗಿ ಕರೆದ 1938ರ ಎವಿಯಾನ್ ಸಮ್ಮೇಳನದಲ್ಲಿ ದೇಶಗಳೆಲ್ಲ ಸಹಾನುಭೂತಿ ತೋರಿಸಿ ಕೈಚೆಲ್ಲಿದವು. ಯಹೂದಿಗಳಿಗೆ ಅದು ಪ್ರಾಣದ ಪ್ರಶ್ನೆ. ಅರಬರಿಗೆ, ತಮ್ಮ ಊರಲ್ಲೇ ಅಲ್ಪಸಂಖ್ಯಾತರಾಗುವ ಪ್ರಶ್ನೆ. 1936ರಲ್ಲಿ ಅವರು ಆರು ತಿಂಗಳ ಮುಷ್ಕರ ಹೂಡಿ ದಂಗೆ ಎದ್ದರು. ಬ್ರಿಟಿಷರು ಮೂರು ವರ್ಷದಲ್ಲಿ ಅದನ್ನು ಹೊಸಕಿದರು. ಅರಬರ ಮುಖಂಡರು ಸತ್ತರು, ಜೈಲು ಸೇರಿದರು, ದೇಶಭ್ರಷ್ಟರಾದರು. 1948ರ ಹೊತ್ತಿಗೆ ಅವರಲ್ಲಿ ಸರಿಯಾದ ನಾಯಕತ್ವವೇ ಇರಲಿಲ್ಲ ಎನ್ನುವುದಕ್ಕೆ ಇದು ದೊಡ್ಡ ಕಾರಣ. ಅದೇ ಬ್ರಿಟಿಷರು 1939ರಲ್ಲಿ ಯಹೂದಿ ವಲಸೆಗೆ ಐದು ವರ್ಷಕ್ಕೆ 75,000ದ ಮಿತಿ ಹಾಕಿದರು, ಯುರೋಪಿನಲ್ಲಿ ಕೊಲೆಯಂತ್ರ ಶುರುವಾಗುವ ಹೊತ್ತಿಗೆ.

ಈಗ ಎಷ್ಟು ಮಾರಿದರು ಎಂಬ ಲೆಕ್ಕ. 1947ರ ಹೊತ್ತಿಗೆ ಇಡೀ ಪ್ಯಾಲೆಸ್ಟೀನಿನಲ್ಲಿ ಯಹೂದಿಗಳು ಕೊಂಡು ಹೊಂದಿದ್ದ ಜಮೀನು ಶೇಕಡ 7ರಷ್ಟು. ಉಳಿದ 93 ಅರಬರ ಖಾತೆಯಲ್ಲಿತ್ತು ಎಂದು ತಿಳಿಯಬೇಡಿ; ದಕ್ಷಿಣದ ಮರುಭೂಮಿ ಸೇರಿ ಅದರಲ್ಲಿ ದೊಡ್ಡ ಪಾಲು ಸರ್ಕಾರಿ ನೆಲ ಅಥವಾ ಸರ್ವೆಯೇ ಆಗದ್ದು. ಆ ವರ್ಷ ನವೆಂಬರ್ 29ರಂದು ವಿಶ್ವಸಂಸ್ಥೆ ದೇಶ ಇಬ್ಭಾಗ ಮಾಡಲು ನಿರ್ಧರಿಸಿ, ಜನಸಂಖ್ಯೆಯ ಮೂರನೇ ಒಂದರಷ್ಟಿದ್ದ ಯಹೂದಿಗಳಿಗೆ ಸುಮಾರು ಶೇಕಡ 55 ನೆಲ ಗೊತ್ತು ಮಾಡಿತು. ಭಾರತ ವಿರುದ್ಧ ಮತ ಹಾಕಿತು. ಯಹೂದಿ ನಾಯಕತ್ವ ಒಪ್ಪಿತು, ಅರಬರು ಒಪ್ಪಲಿಲ್ಲ, ಮರುದಿನದಿಂದಲೇ ಹೊಡೆದಾಟ. 1948ರ ಏಪ್ರಿಲ್ 9ರಂದು ದೇರ್ ಯಾಸೀನ್ ಹಳ್ಳಿಯಲ್ಲಿ ಯಹೂದಿ ಸಶಸ್ತ್ರ ಗುಂಪುಗಳು ನೂರಕ್ಕೂ ಹೆಚ್ಚು ಜನರನ್ನು ಕೊಂದವು. ನಾಲ್ಕು ದಿನಗಳ ನಂತರ ಜೆರುಸಲೇಮಿನ ಹದಾಸಾ ಆಸ್ಪತ್ರೆಗೆ ಹೊರಟಿದ್ದ ವಾಹನಗಳ ಮೇಲೆ ಅರಬರು ದಾಳಿ ಮಾಡಿ ವೈದ್ಯರು, ದಾದಿಯರು ಸೇರಿ 78 ಮಂದಿಯನ್ನು ಕೊಂದರು. ಮೇ 14ರಂದು ಇಸ್ರೇಲ್ ಘೋಷಣೆಯಾಯಿತು, ನೆರೆಯ ಅರಬ್ ಸೈನ್ಯಗಳು ನುಗ್ಗಿದವು, ಸೋತವು. 1949ರ ಕದನವಿರಾಮದಲ್ಲಿ ಇಸ್ರೇಲಿನ ಕೈಯಲ್ಲಿದ್ದದ್ದು ಶೇಕಡ 78. ಸುಮಾರು 7,00,000 ಪ್ಯಾಲೆಸ್ಟೀನಿಯರು ಓಡಿದ್ದರು ಅಥವಾ ಓಡಿಸಲ್ಪಟ್ಟಿದ್ದರು. ಇಂದು ಗಾಜಾದಲ್ಲಿರುವವರಲ್ಲಿ ಬಹುಪಾಲು ಅವರ ಮಕ್ಕಳು, ಮೊಮ್ಮಕ್ಕಳು. ಮುಂದಿನ ವರ್ಷಗಳಲ್ಲಿ ಇರಾಕ್, ಯೆಮನ್, ಈಜಿಪ್ಟ್, ಮೊರಾಕ್ಕೊಗಳಿಂದ ಲಕ್ಷಾಂತರ ಯಹೂದಿಗಳೂ ಆಸ್ತಿ ಬಿಟ್ಟು ಬಂದರು.

ಹಾಗಾಗಿ 7ಕ್ಕೆ ಕ್ರಯಪತ್ರವಿದೆ, 78ಕ್ಕೆ ಇಲ್ಲ. ಅರಬರೇ ಮಾರಿದರು ಎಂಬ ಮಾತು 7ನ್ನು ತೋರಿಸಿ 78ನ್ನು ಮರೆಸುತ್ತದೆ.

ಓಡಿಹೋದವರ ಜಮೀನಿಗೆ ಇಸ್ರೇಲ್ 1950ರಲ್ಲಿ ಗೈರುಹಾಜರಿಗಳ ಆಸ್ತಿ ಕಾಯ್ದೆ ಮಾಡಿತು. ಕರಡು ತಯಾರಿಸಿದವರು ಮಾದರಿಗಾಗಿ ನೋಡಿದ್ದು, ಭಾರತಕ್ಕೆ ಹೋದ ಹಿಂದೂ ಸಿಖ್ಖರ ಆಸ್ತಿಗೆಂದು ಪಾಕಿಸ್ತಾನ ಮಾಡಿದ್ದ ಕಾನೂನನ್ನು. ಅದೇ ವರ್ಷ ಭಾರತವೂ ಪಾಕಿಸ್ತಾನಕ್ಕೆ ಹೋದವರ ಆಸ್ತಿಗೆ ಇಂಥದೇ ಕಾಯ್ದೆ ಮಾಡಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಇಸ್ರೇಲಿನ ಕಾಯ್ದೆಯಡಿ, ದೇಶ ಬಿಡದೆ ಪಕ್ಕದ ಊರಿಗೆ ಓಡಿ ಇಸ್ರೇಲಿನ ಪ್ರಜೆಯೇ ಆದವನೂ ತನ್ನ ಹೊಲದ ಮಟ್ಟಿಗೆ ಗೈರುಹಾಜರಿಯಾಗಬಹುದಿತ್ತು.

1967ರ ಯುದ್ಧದಲ್ಲಿ ಉಳಿದ ಶೇಕಡ 22ನ್ನೂ, ಅಂದರೆ ಜೋರ್ಡಾನ್ ನದಿಯ ಪಶ್ಚಿಮ ದಂಡೆ ಮತ್ತು ಗಾಜಾವನ್ನು, ಇಸ್ರೇಲ್ ಹಿಡಿಯಿತು. ಪಶ್ಚಿಮ ದಂಡೆಯಲ್ಲಿ ಆಗ ಮೂರನೇ ಒಂದರಷ್ಟು ಜಮೀನಿಗೆ ಮಾತ್ರ ಸರಿಯಾದ ನೋಂದಣಿ ಆಗಿತ್ತು. ಮಿಲಿಟರಿ ಆಡಳಿತ 1968ರಲ್ಲಿ ನೋಂದಣಿ ಕೆಲಸವನ್ನು ನಿಲ್ಲಿಸಿತು. ಅಲ್ಲಿನ ಖಾಸಗಿ ಜಮೀನಿನಲ್ಲಿ ಯಹೂದಿ ವಸಾಹತು ಕಟ್ಟುವುದಕ್ಕೆ 1979ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ತಡೆಯೊಡ್ಡಿದಾಗ ಸರ್ಕಾರ ಹುಡುಕಿ ತೆಗೆದದ್ದು ಒಟ್ಟೋಮನ್ನರ 1858ರ ಭೂ ಕಾಯ್ದೆಯನ್ನು: ನೋಂದಣಿಯಿಲ್ಲದ, ಸತತವಾಗಿ ಉಳುಮೆಯಿಲ್ಲದ ನೆಲ ಸರ್ಕಾರದ್ದು. ಹೀಗೆ ಸರ್ಕಾರಿ ಎಂದು ಘೋಷಿಸಿದ ನೆಲದ ಮೇಲೇ ಆನಂತರದ ವಸಾಹತುಗಳಲ್ಲಿ ಹೆಚ್ಚಿನವು ಎದ್ದಿವೆ. ಪಕ್ಕದ ಊರಿನ ರೈತ ಅಲ್ಲಿ ಉಳುತ್ತಿದ್ದೆ ಎಂದರೆ, ಅದಕ್ಕೆ ದಾಖಲೆ ತರಬೇಕಾದವನು ಅವನೇ.